ಮುಲಾಜಿಗೆ ಬಿದ್ದು ಗುಂಪು ಸೇರುವ ಮುನ್ನ

ಕಲಬುರಗಿಯಲ್ಲಿ ಮೇ ತಿಂಗಳು ಚಪ್ಪಲಿ ಹೊರಗೆ ಬಿಟ್ಟರೆ ಅರ್ಧ ಗಂಟೆಯಲ್ಲಿ ರೊಟ್ಟಿ ಹಂಚಾಗಿರುತ್ತದೆ. ಅದಕ್ಕೇ ನಾನು ಹೋಗಿ ಬಿದ್ದ ಗುಂಪಿನವರ ಸಭೆ ನಡೆಯುತ್ತಿದ್ದ ಮನೆಯಲ್ಲಿ ಒಬ್ಬ ಹುಡುಗ ಬಂದವರ ಚಪ್ಪಲಿ ಎಲ್ಲಾ ಎತ್ತಿ ಒಳಗಿನ ಕೋಣೆಯಲ್ಲಿ ಸಾಲಾಗಿ ಇಡುತ್ತಿದ್ದ. ಮೊದಲ ದಿನ ನೋಡಿ ನನಗೆ ಗಂಟಲು ಕಟ್ಟಿತು. ಊರು ಬಿಟ್ಟು ರೂಮು ಮಾಡಿ ಎರಡು ವರ್ಷವಾಗಿತ್ತು. ನನ್ನ ಕಾಲು ಸುಟ್ಟೀತು ಅಂತ ಯೋಚಿಸಿದವರು ಈ ಊರಲ್ಲಿ ಒಬ್ಬರೂ ಇರಲಿಲ್ಲ.

ಮೂರನೇ ವಾರ ಸಭೆ ಮುಗಿಯುವ ಮುಂಚೆ ಎದ್ದೆ. ತಲೆ ನೋಯುತ್ತಿತ್ತು. ಬಾಗಿಲಿಗೆ ಬಂದರೆ ಚಪ್ಪಲಿ ಇಲ್ಲ. ಒಳಗಿನ ಕೋಣೆಗೆ ಹೋಗಬೇಕು ಅಂದರೆ ಕೂತಿದ್ದ ಮೂವತ್ತು ಜನರ ನಡುವೆ ದಾಟಿಕೊಂಡು ಹೋಗಬೇಕು. ಆ ಹುಡುಗನೇ ಎದ್ದು ಬಂದ. "ಯಾಕಣ್ಣ, ಹೊಂಟ್ರಿ? ಬ್ಯಾಸರ ಆತೇನ್ರಿ? ಇವತ್ತ ಅಣ್ಣೋರು ನಿಮ್ಮ ಸಲುವಾಗೇ ಮಾತಾಡ್ಲಕತ್ತಾರ, ಒಂದ್ ಹತ್ತು ನಿಮಿಷ ಕೂಡ್ರಿ." ಅಣ್ಣೋರು ಅಂದರೆ ಆ ಗುಂಪಿನ ಹಿರಿಯರು. ಎಲ್ಲರೂ ತಿರುಗಿ ನೋಡಿ ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾನು ಕೂತೆ. ಹತ್ತು ನಿಮಿಷ ಎರಡು ತಾಸಾಯಿತು, ಆಮೇಲೆ ಲೆಕ್ಕ ಹಾಕಿದರೆ ಅದು ಎಂಟು ತಿಂಗಳಾಯಿತು.

ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಬಾಗಿಲು ತೆರೆದೇ ಇತ್ತು. ಬರಿಗಾಲಲ್ಲಿ ಓಡಿ ಹೋಗಬಹುದಿತ್ತು, ಹೆಚ್ಚೆಂದರೆ ಕಾಲು ಸುಡುತ್ತಿತ್ತು. ಹೋಗಲಿಲ್ಲ. ಇದಕ್ಕೆ ನಮ್ಮಲ್ಲಿ ಒಂದು ಮಾತಿದೆ, ಮುಲಾಜು. ಜನ "ತಲೆ ಕೆಡಿಸಿದರು", "ಮಂಕುಬೂದಿ ಎರಚಿದರು" ಅಂತಾರೆ. ನನ್ನ ಮೇಲೆ ಯಾರೂ ಏನೂ ಎರಚಲಿಲ್ಲ. ನಂಬಿಕೆ ಬಂದಿದ್ದು ತುಂಬಾ ಆಮೇಲೆ. ಮೊದಲು ಬಂದಿದ್ದು ಊಟ, ನಗು, ಮುಲಾಜು. ಅದನ್ನು ಗುರುತಿಸೋದು ಹೇಗೆ, ಬಿಡಿಸಿಕೊಳ್ಳೋದು ಹೇಗೆ, ಮನೆಯವರು ಏನು ಮಾಡಬೇಕು ಅಂತ ನನಗೆ ತಿಳಿದಷ್ಟು ಬರೆಯುತ್ತೇನೆ.

ಯಾವ ಗುಂಪಿನ ಬಗ್ಗೆ ಮಾತು ಇದು?

ಯಾವ ಧರ್ಮ ಅನ್ನೋದು ಇಲ್ಲಿ ಮುಖ್ಯ ಅಲ್ಲ. ದೇವರ ಹೆಸರಲ್ಲೂ ಇವೆ, ಧ್ಯಾನದ ಹೆಸರಲ್ಲೂ ಇವೆ, "ನಾವು ಧರ್ಮವೇ ಅಲ್ಲ" ಅನ್ನುವವೂ ಇವೆ. ಮತಾಂತರದ ಜಗಳ ಇಲ್ಲಿಗೆ ತರಬೇಡಿ, ಅದು ಬೇರೆ ವಿಷಯ. ಹುಟ್ಟಿದ ಧರ್ಮದೊಳಗೇ ಇಂಥ ಬಿಗಿ ಗುಂಪಿಗೆ ಬಿದ್ದವರು ಬೇಕಾದಷ್ಟಿದ್ದಾರೆ. ನಾನೂ ಹಾಗೇ ಬಿದ್ದವನು.

ಒಂದು ಸರಳ ಪರೀಕ್ಷೆ ಹೇಳುತ್ತೇನೆ. ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಊಟ ಮಾಡಿರುತ್ತೀರಿ. ಬಂದೇನವಾಜರ ಉರುಸಿಗೆ ಹೋಗಿರುತ್ತೀರಿ. ಬುದ್ಧ ವಿಹಾರದಲ್ಲಿ ಭಾನುವಾರ ಸುಮ್ನೆ ಕೂತು ಬಂದಿರುತ್ತೀರಿ. ಮರುದಿನ ಯಾರಾದರೂ ಫೋನ್ ಮಾಡಿ "ನಿನ್ನೆ ಯಾಕ ಜಲ್ದಿ ಹೋದ್ರಿ" ಅಂತ ಕೇಳಿದರಾ? ಇಲ್ಲ ಅಲ್ವಾ. ಉಂಡಿರಿ, ಕೈ ಮುಗಿದಿರಿ, ಬಂದಿರಿ. ನಿಮ್ಮ ಹೆಸರೂ ಅವರಿಗೆ ಬೇಡ. ಬಿಗಿ ಗುಂಪಿನಲ್ಲಿ ಒಳಗೆ ಹೋಗೋದು ಬಲು ಸುಲಭ, ಹೊರಗೆ ಬರುವಾಗ ಮಾತ್ರ ನೂರೆಂಟು ಪ್ರಶ್ನೆ. ಪಕ್ಕದ ಬಸವಕಲ್ಯಾಣದ ಅನುಭವ ಮಂಟಪದ ಕತೆ ನೆನಪಿಸಿಕೊಳ್ಳಿ. ಅಕ್ಕಮಹಾದೇವಿ ಬಂದಾಗ ಅಲ್ಲಮ ಎಂಥೆಂಥ ಪ್ರಶ್ನೆ ಕೇಳಿದ ಅಂತ ಎಲ್ಲರೂ ಕೇಳಿದ್ದೇವೆ. ಅಲ್ಲಿ ಕಷ್ಟದ ಪ್ರಶ್ನೆ ಇದ್ದದ್ದು ಒಳಗೆ ಬರುವವರಿಗೆ.

ಯಾರನ್ನು ಹುಡುಕುತ್ತಾರೆ?

ದಡ್ಡರನ್ನಲ್ಲ. ಒಂಟಿಯಾಗಿರುವವರನ್ನು. ಇದು ದೊಡ್ಡ ವ್ಯತ್ಯಾಸ.

ನನ್ನ ಕತೆಯನ್ನೇ ನೋಡಿ. 545 ಹುದ್ದೆಗಳ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು, ಅಕ್ರಮ ಹೊರಬಿದ್ದು 2022ರ ಏಪ್ರಿಲ್ ಕೊನೆಗೆ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನಡುವೆ ನಮ್ಮಂಥವರು ಏನು ಮಾಡಬೇಕು? ಊರಿಗೆ ಹೋದರೆ "ಏನಾತೋ ನೌಕರಿ" ಅನ್ನುತ್ತಾರೆ. ರೂಮಿನಲ್ಲಿ ಕೂತರೆ ಗೋಡೆ ನೋಡಬೇಕು. ಆ ಮೇ ತಿಂಗಳಲ್ಲಿ ಲೈಬ್ರರಿಯಲ್ಲಿ ಪಕ್ಕ ಕೂರುತ್ತಿದ್ದ ಒಬ್ಬರು "ಭಾನುವಾರ ನಮ್ಮಲ್ಲಿ ಊಟಕ್ಕ ಬರ್ರಿ, ಪುಂಡಿ ಪಲ್ಯ ಮಾಡಿರ್ತಾರ" ಅಂದರು. ದೇವರ ಮಾತೇ ಇಲ್ಲ. ಪುಂಡಿ ಪಲ್ಯ, ಅಷ್ಟೇ.

ಪರೀಕ್ಷೆ ಹೋದವರು, ಹೊಸದಾಗಿ ಊರಿಗೆ ಬಂದವರು, ಗಂಡನನ್ನು ಕಳೆದುಕೊಂಡವರು, ಬಾಣಂತನ ಮುಗಿಸಿ ಗಂಡನ ಮನೆಗೆ ಬಂದು ಮಾತಿಗೆ ಒಬ್ಬರೂ ಇಲ್ಲದವರು, ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿ ಖಾಲಿ ಮನೆಯಲ್ಲಿ ಉಳಿದ ಹಿರಿಯರು. ಇವರಿಗೆ ಬೇಕಾಗಿರೋದು ಮೋಕ್ಷ ಅಲ್ಲ, ಕೂತು ಮಾತಾಡಲು ಒಬ್ಬ ಮನುಷ್ಯ.

ಇದನ್ನು ಅಮೆರಿಕದಲ್ಲಿ ಕೂತು ಅಭ್ಯಾಸ ಮಾಡಿದವರಿದ್ದಾರೆ. ಜಾನ್ ಲೋಫ್ಲಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಅನ್ನುವವರು ಕೊರಿಯಾದಿಂದ ಬಂದ ಒಂದು ಹೊಸ ಪಂಥದ ಜೊತೆ ಓಡಾಡಿ 1965ರಲ್ಲಿ ಬರೆದರು. ಸೇರಿದವರು ಬೋಧನೆ ಕೇಳಿ ಮರುಳಾದವರಲ್ಲ. ಒಳಗಿನವರ ಜೊತೆ ಗೆಳೆತನ ಗಟ್ಟಿಯಾಗಿ, ಹೊರಗಿನವರ ಜೊತೆ ಸಡಿಲವಾದವರು. ಗೆಳೆಯರು ಯಾರೋ ಅವರ ಅಭಿಪ್ರಾಯವೇ ನಮ್ಮ ಅಭಿಪ್ರಾಯ ಆಗುತ್ತಾ ಬರುತ್ತದೆ. ಓದಿದಾಗ ನನಗೆ ಆ ಪುಂಡಿ ಪಲ್ಯವೇ ನೆನಪಾಯಿತು.

ಮುಲಾಜು ಹೇಗೆ ಬೆಳೆಯುತ್ತದೆ

ಸಣ್ಣದರಿಂದ. ಮೊದಲು ಊಟಕ್ಕೆ ಬನ್ನಿ. ಮುಂದಿನ ವಾರ ಅರ್ಧ ತಾಸು ಮುಂಚೆ ಬಂದು ಜಮಖಾನ ಹಾಸಲು ಕೈ ಜೋಡಿಸಿ. ಆಮೇಲೆ ಬೆಳಿಗ್ಗೆ ಐದೂವರೆಗೆ ಒಂದು ಫೋನ್, "ಎದ್ರೇನ್ರಿ?" ಆಮೇಲೆ ಎರಡು ದಿನದ ಶಿಬಿರ. ಆಮೇಲೆ ರೂಮು ಬಿಟ್ಟು ಅವರ ಮನೆಯಲ್ಲೇ ಇರಿ, ಬಾಡಿಗೆ ಉಳಿಯುತ್ತದೆ. ಒಂದೊಂದು ಮೆಟ್ಟಿಲೂ ಗೇಣುದ್ದ. ಕೆಳಗೆ ತಿರುಗಿ ನೋಡಿದರೆ ಮಾಳಿಗೆ ಮೇಲೆ ನಿಂತಿರುತ್ತೀರಿ.

1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಅನ್ನುವ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಮನೆ ಮುಂದೆ ಒಂದು ದೊಡ್ಡ, ವಿಕಾರವಾದ "ಜೋಪಾನವಾಗಿ ಗಾಡಿ ಓಡಿಸಿ" ಬೋರ್ಡು ಹಾಕಿಸಿಕೊಳ್ಳುತ್ತೀರಾ ಅಂತ ನೇರವಾಗಿ ಕೇಳಿದರೆ ನೂರಕ್ಕೆ 17 ಜನ ಒಪ್ಪಿದರು. ಅದಕ್ಕೆ ಎರಡು ವಾರ ಮುಂಚೆ ಅದೇ ವಿಷಯದ ಒಂದು ಪುಟ್ಟ ಚೀಟಿ ಅಂಟಿಸಿಕೊಂಡವರನ್ನು ಕೇಳಿದರೆ 76 ಜನ ಒಪ್ಪಿದರು. ಚೀಟಿ ಅಂಟಿಸಿಕೊಂಡ ಕೂಡಲೇ "ನಾನು ಇಂಥ ಕೆಲಸಕ್ಕೆ ಒಪ್ಪುವ ಮನುಷ್ಯ" ಅಂತ ನಾವೇ ನಮ್ಮನ್ನು ಅಂದುಕೊಳ್ಳುತ್ತೇವೆ. ನನ್ನ ಪಾಲಿಗೆ ಆ ಚೀಟಿ ಜಮಖಾನ.

ಎರಡನೆಯದು ಸುತ್ತ ಕೂತವರ ತಲೆ. ಸಾಲೊಮನ್ ಆಶ್ 1951ರ ಸುಮಾರಿಗೆ ಮಾಡಿದ ಗೆರೆಗಳ ಪ್ರಯೋಗ ಕೇಳಿರಬಹುದು. ಮೂರು ಗೆರೆಗಳಲ್ಲಿ ಯಾವುದು ಈ ಗೆರೆಯಷ್ಟು ಉದ್ದ ಅಂತ ಕೇಳೋದು. ಮಕ್ಕಳೂ ಹೇಳುತ್ತಾರೆ. ಆದರೆ ಕೋಣೆಯಲ್ಲಿ ಕೂತ ಉಳಿದವರೆಲ್ಲಾ, ಅವರಿಗೆ ಮೊದಲೇ ಹೇಳಿಕೊಟ್ಟಿರುತ್ತಾರೆ, ಬೇಕಂತಲೇ ತಪ್ಪು ಉತ್ತರ ಕೊಟ್ಟಾಗ, ಏನೂ ಗೊತ್ತಿಲ್ಲದ ಒಬ್ಬ ಮನುಷ್ಯ ಮೂರರಲ್ಲಿ ಒಂದು ಸಲ ಅವರ ಜೊತೆಗೇ ತಪ್ಪು ಹೇಳಿದ. ಒಮ್ಮೆಯಾದರೂ ಹಾಗೆ ಬಾಗಿದವರು ನಾಲ್ಕರಲ್ಲಿ ಮೂರು ಜನ. ಕಣ್ಣೆದುರಿನ ಗೆರೆಗೇ ಹೀಗಾದರೆ ಕಣ್ಣಿಗೆ ಕಾಣದ ದೇವರ ವಿಷಯದಲ್ಲಿ ಹೇಗೆ? ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಮಾತಿದೆ. ಆ ಕೋಣೆಯಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೂ ಸಾಕು, ಬಾಗುವುದು ಇಪ್ಪತ್ತರಲ್ಲಿ ಒಂದಕ್ಕೆ ಇಳಿಯಿತು. ಇದನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ಮೂರನೆಯದು ಗುಟ್ಟು. ಒಂದು ರಾತ್ರಿ ಲೈಟು ಸಣ್ಣ ಮಾಡಿ ಎಲ್ಲರೂ ದುಂಡಗೆ ಕೂತು ಒಬ್ಬೊಬ್ಬರು ತಮ್ಮ ಜೀವನದ ದೊಡ್ಡ ತಪ್ಪು ಹೇಳಬೇಕಿತ್ತು. ನನ್ನ ಮುಂಚಿನವರೆಲ್ಲಾ ಅತ್ತರು. ನಾನೂ ಹೇಳಿದೆ. ಕೋಚಿಂಗ್ ಫೀ ಅಂತ ಅಪ್ಪನ ಹತ್ತಿರ ತಂದ ದುಡ್ಡನ್ನು ಒಂದು ಸಲ ಬೇರೆಯದಕ್ಕೆ ಖರ್ಚು ಮಾಡಿದ್ದೆ. ಎಲ್ಲರೂ ಅಪ್ಪಿಕೊಂಡರು, ಮನಸ್ಸು ಹಗುರಾಯಿತು, ಸುಳ್ಳು ಹೇಳಲ್ಲ. ಎರಡು ತಿಂಗಳ ಮೇಲೆ ಶಿಬಿರಕ್ಕೆ ಬರಲ್ಲ ಅಂದಾಗ ಅಣ್ಣೋರು ಮೆಲ್ಲಗೆ ಅಂದರು, "ಅಪ್ಪಗ ಸುಳ್ಳು ಹೇಳಿದ ಮನಸ್ಸು, ಇಲ್ಲೂ ಹಂಗೇ ಜಾರ್ಲಕತ್ತದ ನೋಡ್ರಿ." ಚೀನಾದಲ್ಲಿ 1950ರ ದಶಕದಲ್ಲಿ ಮನಃಪರಿವರ್ತನೆಗೆ ಒಳಗಾದ ಕೈದಿಗಳನ್ನು ಮಾತಾಡಿಸಿದ ರಾಬರ್ಟ್ ಲಿಫ್ಟನ್ ಅನ್ನುವ ಮನೋವೈದ್ಯರು ಬಿಗಿ ಗುಂಪಿನ ಎಂಟು ಗುರುತು ಪಟ್ಟಿ ಮಾಡಿದ್ದಾರೆ. ಈ ತಪ್ಪೊಪ್ಪಿಗೆಯ ಚಾಳಿ ಅದರಲ್ಲಿ ಒಂದು. ಗುಂಪಿನದೇ ಒಂದು ಭಾಷೆ ಇರೋದು ಇನ್ನೊಂದು. ನಮ್ಮಲ್ಲಿ ಅನುಮಾನಕ್ಕೆ "ಧೂಳು" ಅನ್ನುತ್ತಿದ್ದರು. ಪ್ರಶ್ನೆ ಕೇಳಿದರೆ "ಇವತ್ತ ಧೂಳು ಬಾಳ ಆಗ್ಯಾದ". ಅಲ್ಲಿಗೆ ಪ್ರಶ್ನೆ ಮುಗಿಯಿತು.

ಇದರ ತುದಿ ಎಲ್ಲಿಗೆ ಹೋಗಬಹುದು ಅನ್ನೋದಕ್ಕೆ ಗಯಾನಾದ ಜೋನ್ಸ್‌ಟೌನ್ ಇದೆ. 1978ರ ನವೆಂಬರ್ 18ರಂದು ಜಿಮ್ ಜೋನ್ಸ್ ಅನ್ನುವವನ ಮಾತಿಗೆ ಅಲ್ಲಿ 900ಕ್ಕೂ ಜಾಸ್ತಿ ಜನ ಸತ್ತರು. ಮಕ್ಕಳು ಬಹಳ, ಅವರನ್ನು ಯಾರೂ ಕೇಳಲೇ ಇಲ್ಲ. ಅವತ್ತಿನ ಧ್ವನಿಮುದ್ರಿಕೆ ಉಳಿದಿದೆ. ಕ್ರಿಸ್ಟೀನ್ ಮಿಲ್ಲರ್ ಅನ್ನುವ ಹೆಂಗಸು ಒಬ್ಬಳೇ ಎದ್ದು ನಿಂತು, ಬೇರೆ ದಾರಿ ಇದೆ, ಮಕ್ಕಳು ಬದುಕಬೇಕು ಅಂತ ವಾದ ಮಾಡುತ್ತಾಳೆ. ಅವಳ ಬಾಯಿ ಮುಚ್ಚಿಸಿದ್ದು ಅವಳ ಪಕ್ಕ ಕೂತ ಜನ. ನಮ್ಮ ಮೋಹಲ್ಲಾದ ಗುಂಪು ಅಂಥದ್ದಲ್ಲ, ಹೆದರಿಸಲು ಹೇಳುತ್ತಿಲ್ಲ. ಒಂಟಿ ದನಿ ಏನಾಗುತ್ತದೆ ಅನ್ನೋದನ್ನು ಮಾತ್ರ ನೋಡಿ.

ಕರೆದಾಗ ಏನು ಮಾಡಬೇಕು

ಹೋಗಲೇಬೇಡಿ ಅಂತ ನಾನು ಹೇಳಲ್ಲ. ಹೋಗಿ ನೋಡಿ. ಆದರೆ ನಿಮ್ಮ ಗಾಡಿಯಲ್ಲಿ ಹೋಗಿ. "ನಾವೇ ಬಂದು ಕರ್ಕೊಂಡ್ ಹೋಗ್ತೀವಿ" ಅಂದರೆ ವಾಪಸ್ ಬರುವ ಹೊತ್ತು ಅವರ ಕೈಯಲ್ಲಿರುತ್ತದೆ. ಒಬ್ಬ ಗೆಳೆಯನಿಗೆ ಮುಂಚೆಯೇ ಹೇಳಿಡಿ, ಎಂಟೂವರೆಗೆ ಫೋನ್ ಮಾಡು ಅಂತ. ಚಪ್ಪಲಿ ಹಳೆಯದು ಹಾಕಿಕೊಳ್ಳಿ. ನಗಬೇಡಿ, ನಾನು ಬಿಟ್ಟು ಬಂದ ದಿನ ಚಪ್ಪಲಿ ಕೇಳಲೇ ಇಲ್ಲ, ಬರಿಗಾಲಲ್ಲಿ ಆಟೋ ಹತ್ತಿದೆ. ಸೂಪರ್ ಮಾರ್ಕೆಟ್ಟಿನಲ್ಲಿ ಹೊಸದಕ್ಕೆ ಇನ್ನೂರು ರೂಪಾಯಿ ಹೋಯಿತು. ಎಂಟು ತಿಂಗಳಲ್ಲಿ ನಾನು ಮಾಡಿದ ಒಳ್ಳೆಯ ಖರ್ಚು ಅದೊಂದೇ.

ಮೊದಲ ದಿನವೇ ಕೇಳಿ. ನಿಮ್ಮ ಸಂಸ್ಥೆಯ ಹೆಸರೇನು, ಮುಖ್ಯಸ್ಥರು ಯಾರು, ದುಡ್ಡು ಎಲ್ಲಿಂದ ಬರುತ್ತದೆ, ಬಿಟ್ಟು ಹೋದವರು ಯಾರಾದರೂ ಇದ್ದಾರಾ, ಅವರ ಜೊತೆ ಮಾತಾಡಬಹುದಾ. ಕೊನೆಯ ಪ್ರಶ್ನೆಗೆ ಮುಖ ಹೇಗಾಗುತ್ತದೆ ನೋಡಿ, ಉತ್ತರ ಅಲ್ಲೇ ಇರುತ್ತದೆ. "ಅವರೆಲ್ಲಾ ದಾರಿ ತಪ್ಪಿದವರು" ಅಂದರೆ, ನಾಳೆ ನಿಮ್ಮ ಬಗ್ಗೆಯೂ ಅದೇ ಮಾತು ಹೇಳುತ್ತಾರೆ.

ಹೂಂ ಅನ್ನೋದನ್ನು ಅಲ್ಲೇ ಅನ್ನಬೇಡಿ. ಶಿಬಿರ ಇರಲಿ, ದೀಕ್ಷೆ ಇರಲಿ, ನೂರು ರೂಪಾಯಿ ಚೀಟಿ ಇರಲಿ, ಒಂದು ರಾತ್ರಿ ಮಲಗಿ ಎದ್ದು ಹೇಳುತ್ತೇನೆ ಅನ್ನಿ. ನಾಳೆಗೆ ಕಾಯದ ದೇವರು ಯಾರೂ ಇಲ್ಲ. ಇವತ್ತೇ ಆಗಬೇಕು ಅನ್ನೋದು ಮನುಷ್ಯರ ಅವಸರ.

ಇನ್ನು ಬೇಡ ಅನ್ನುವಾಗ ಕಾರಣ ಕೊಡಬೇಡಿ. ನಮ್ಮ ಕಡೆ ಇದೇ ಕಷ್ಟ, ಕಾರಣ ಹೇಳದಿದ್ದರೆ ಸೊಕ್ಕು ಅಂತಾರೆ. "ಪರೀಕ್ಷೆ ಇದೆ" ಅಂದಿರೋ, ಪರೀಕ್ಷೆ ಮುಗಿದ ದಿನ ಬಾಗಿಲಲ್ಲಿ ನಿಂತಿರುತ್ತಾರೆ. "ಗಾಡಿ ಇಲ್ಲ" ಅಂದರೆ ಗಾಡಿ ಬರುತ್ತದೆ. ಪ್ರತಿ ಕಾರಣಕ್ಕೂ ಅವರ ಹತ್ತಿರ ಒಂದು ಪರಿಹಾರ ಇರುತ್ತದೆ. "ಇಲ್ರಿ, ನಾ ಬರಂಗಿಲ್ಲ" ಅನ್ನೋ ಮಾತಿಗೆ ಮಾತ್ರ ಪರಿಹಾರ ಇಲ್ಲ. ಯಾಕೆ ಅಂದರೆ ಮತ್ತೆ ಅದನ್ನೇ ಹೇಳಿ. ಕನ್ನಡಿ ಮುಂದೆ ನಾಲ್ಕು ಸಲ ಹೇಳಿ ರೂಢಿ ಮಾಡಿಕೊಳ್ಳಿ. ಮೊದಲ ಸಲ ನಾಲಿಗೆ ಹೊರಳಲ್ಲ.

ನಿಮ್ಮ ಗುಟ್ಟು ಹೇಳಬೇಡಿ. ಹಳೆಯ ಗೆಳೆಯರ ಜೊತೆಗಿನ ಚಹಾ ಬಿಡಬೇಡಿ. ಒಂದು ತಿಂಗಳಲ್ಲಿ ನೀವು ಕೂತು ಮಾತಾಡಿದ ಜನರ ಹೆಸರು ಬರೆಯಿರಿ, ಎಲ್ಲರೂ ಒಂದೇ ಗುಂಪಿನವರಾಗಿದ್ದರೆ ಅದು ಗಂಟೆ ಬಾರಿಸಿದ ಹಾಗೆ.

ದುಡ್ಡು, ಹೊಲ, ಕಾಗದ

ಇಲ್ಲಿ ಮಾತ್ರ ಮುಲಾಜು ಪೂರ್ತಿ ಬಿಡಬೇಕು. ದಕ್ಷಿಣೆ ಹಾಕೋದು ಬೇರೆ, ಹೊಲ ಬರೆದು ಕೊಡೋದು ಬೇರೆ. ಸ್ಥಿರಾಸ್ತಿಯ ದಾನಪತ್ರ ನೋಂದಣಿ ಆಗಬೇಕು, ಇಬ್ಬರು ಸಾಕ್ಷಿ ಬೇಕು. ಆ ಸಾಕ್ಷಿಗಳು ಗುಂಪಿನವರೇ ಆಗಿದ್ದರೆ ಅಲ್ಲೇ ನಿಲ್ಲಿ, ಗುಂಪಿಗೆ ಸಂಬಂಧ ಇಲ್ಲದ ಒಬ್ಬ ವಕೀಲರಿಗೆ ಕಾಗದ ತೋರಿಸಿ. ಬರೆದುಕೊಟ್ಟಾಗಿದೆ ಅನ್ನುವವರಿಗೂ ದಾರಿ ಇದೆ. 1872ರ ಕರಾರು ಕಾಯ್ದೆಯ 16ನೇ ಕಲಂ ಅನುಚಿತ ಪ್ರಭಾವದ ಬಗ್ಗೆ ಹೇಳುತ್ತದೆ. 1890ರಷ್ಟು ಹಿಂದೆಯೇ ಅಲಹಾಬಾದ್ ಹೈಕೋರ್ಟು ಇಂಥದೇ ಒಂದು ವಿಷಯ ನೋಡಿದೆ. ಪರಲೋಕದಲ್ಲಿ ಆತ್ಮಕ್ಕೆ ಒಳ್ಳೆಯದಾಗಲಿ ಅಂತ ಒಬ್ಬ ಮುದುಕ ತನ್ನ ಆಸ್ತಿಯನ್ನೆಲ್ಲಾ ಗುರುವಿಗೆ ಬರೆದುಕೊಟ್ಟಿದ್ದ. ಅದು ಗುರುವಿನ ಪ್ರಭಾವಕ್ಕೆ ಬಿದ್ದು ಕೊಟ್ಟ ದಾನ ಅಂತ ಕೋರ್ಟು ಕಂಡಿತು. ಆದರೆ ತಡ ಮಾಡಬೇಡಿ, ಪತ್ರ ರದ್ದು ಕೋರುವ ದಾವೆಗೆ ಸಾಮಾನ್ಯವಾಗಿ 3 ವರ್ಷದ ಗಡುವು.

ಇದು ನಮ್ಮ ದೇಶದ ಕತೆ ಮಾತ್ರ ಅಲ್ಲ. 2022ರ ಜುಲೈನಲ್ಲಿ ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಗುಂಡಿಟ್ಟು ಕೊಂದವನ ತಾಯಿ ಒಂದು ಪಂಥಕ್ಕೆ ಸುಮಾರು 10 ಕೋಟಿ ಯೆನ್ ಕೊಟ್ಟು ಮನೆ ಬರಿದು ಮಾಡಿಕೊಂಡಿದ್ದಳು. ಲೋಫ್ಲಾಂಡ್, ಸ್ಟಾರ್ಕ್ ಓಡಾಡಿದ್ದರಲ್ಲ, ಅದೇ ಪಂಥ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿ ಕಾಯ್ದೆ ಬಂತು, ಭಯ ಹುಟ್ಟಿಸಿ ದೇಣಿಗೆ ಕೇಳುವಂತಿಲ್ಲ, ಸಾಲ ಮಾಡಿ ಅಥವಾ ಮನೆ ಮಾರಿ ಕೊಡು ಅನ್ನುವಂತಿಲ್ಲ. ನಮ್ಮಲ್ಲಿ ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧದ ರಾಜ್ಯದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಹೊಡೆತ, ಬೆಂಕಿ ಹಾಯಿಸುವಂಥದ್ದು ನಡೆದರೆ ಅದು ಕೆಲಸಕ್ಕೆ ಬರುತ್ತದೆ. ಬರೀ ಮುಲಾಜಿಗೆ ಯಾವ ಕಾಯ್ದೆಯೂ ಇಲ್ಲ.

ಮನೆಯವರಿಗೆ

ಮಗ, ಮಗಳು, ಅತ್ತೆ ಯಾರೋ ಒಬ್ಬರು ಒಳಗೆ ಹೋಗಿದ್ದಾರೆ. ನಿಮಗೆ ಮೈ ಉರಿಯುತ್ತದೆ. ಬೈಯುತ್ತೀರಿ, ಫೋನ್ ಕಿತ್ತುಕೊಳ್ಳುತ್ತೀರಿ, "ಆ ಗುಂಪು ಇಲ್ಲಾ ನಾವು" ಅನ್ನುತ್ತೀರಿ. ದಯವಿಟ್ಟು ಆ ಮಾತು ಆಡಬೇಡಿ. "ನಿಮ್ಮ ಮನೆಯವರು ವಿರೋಧ ಮಾಡುತ್ತಾರೆ, ಅದೇ ನೀವು ಸರಿ ದಾರಿಯಲ್ಲಿದ್ದೀರಿ ಅನ್ನೋದಕ್ಕೆ ಗುರುತು" ಅಂತ ಅವರು ಮೊದಲೇ ಹೇಳಿರುತ್ತಾರೆ. ನೀವು ಬೈದ ದಿನ ಅವರ ಭವಿಷ್ಯವಾಣಿ ನಿಜ ಆಯಿತು. ನಮ್ಮಪ್ಪ ಮಾಡಿದ್ದು ಅದನ್ನೇ. ನಾಲ್ಕು ತಿಂಗಳು ನಾನು ಅಪ್ಪನ ಫೋನ್ ಎತ್ತಲಿಲ್ಲ.

ಭವಿಷ್ಯವಾಣಿ ಸುಳ್ಳಾದರೆ ಜನ ಬಿಟ್ಟು ಬರುತ್ತಾರೆ ಅಂತಲೂ ಕಾಯಬೇಡಿ. 1954ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ನಂಬಿದ್ದ ಒಂದು ಸಣ್ಣ ಗುಂಪಿನೊಳಗೆ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಜೊತೆಗಾರರು ಸೇರಿಕೊಂಡು ನೋಡಿದರು. ಪ್ರಳಯ ಆಗಲಿಲ್ಲ. ಒಟ್ಟಿಗೆ ಕೂತು ಕಾದವರಲ್ಲಿ ಹಲವರು ಇನ್ನೂ ಜೋರಾಗಿ ನಂಬಿದರು. ಕೆಲಸ, ಮನೆ ಬಿಟ್ಟು ಬಂದವರಿಗೆ "ನಾನು ತಪ್ಪು" ಅನ್ನೋದು ಬಲು ದುಬಾರಿ.

ಧೈರ್ಯಕ್ಕೆ ಒಂದು ಮಾತು. ಅದೇ ಕೊರಿಯಾ ಮೂಲದ ಪಂಥದ ಶಿಬಿರಗಳನ್ನು ಇಂಗ್ಲೆಂಡಿನಲ್ಲಿ ಅಭ್ಯಾಸ ಮಾಡಿದ ಐಲೀನ್ ಬಾರ್ಕರ್, ಶಿಬಿರಕ್ಕೆ ಬಂದವರಲ್ಲಿ ಸೇರಿದವರು ನೂರಕ್ಕೆ ಹತ್ತರಷ್ಟು ಮಾತ್ರ ಅಂತ ಲೆಕ್ಕ ಹಾಕಿದರು. ಸೇರಿದವರಲ್ಲೂ ಬಹಳ ಜನ ಕೆಲವೇ ವರ್ಷಗಳಲ್ಲಿ ತಾವಾಗಿ ಬಿಟ್ಟರು. ಅಂದರೆ ಬಾಗಿಲು ನಾವು ಅಂದುಕೊಂಡಷ್ಟು ಗಟ್ಟಿ ಇಲ್ಲ. ಹೊರಗೆ ಯಾರಾದರೂ ನಿಂತಿದ್ದಾರಾ ಅನ್ನೋದಷ್ಟೇ ಪ್ರಶ್ನೆ.

ನಿದ್ದೆ ಇಲ್ಲ, ಸಾಯುವ ಮಾತು ಬರುತ್ತಿದೆ ಅಂದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳಿದ್ದರೆ 1098, ಹಿರಿಯರಿಗೆ 14567, ಹೆಣ್ಣುಮಕ್ಕಳಿಗೆ 181. ಕೂಡಿ ಹಾಕಿದ್ದಾರೆ, ಹೊಡೆಯುತ್ತಿದ್ದಾರೆ ಅಂದರೆ ಯೋಚನೆ ಮಾಡದೆ 112.

ನಮ್ಮಕ್ಕ ಇದ್ಯಾವುದನ್ನೂ ಓದಿದವಳಲ್ಲ. ಎಂಟು ತಿಂಗಳು ಪ್ರತಿ ಭಾನುವಾರ ರಾತ್ರಿ ಫೋನ್ ಮಾಡಿದಳು. ಗುಂಪಿನ ಹೆಸರು ಒಮ್ಮೆಯೂ ಎತ್ತಲಿಲ್ಲ. ಏನು ಉಂಡಿ, ಎಮ್ಮೆ ಕರು ಹಾಕಿತು, ಪಕ್ಕದ ಮನೆ ಮುದುಕಿ ನಿನ್ನ ಕೇಳುತ್ತಿದ್ದಳು, ಇಷ್ಟೇ. ನಾನು ಅಲ್ಲಿಯ ಮಾತು ಶುರು ಮಾಡಿದರೆ "ಹೌದಾ" ಅಂದು ಸುಮ್ಮನಾಗುತ್ತಿದ್ದಳು, ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಆಶ್‌ನ ಕೋಣೆಯಲ್ಲಿ ಸರಿ ಗೆರೆ ತೋರಿಸಿದ ಆ ಒಬ್ಬ ಮನುಷ್ಯ ನನ್ನ ಪಾಲಿಗೆ ಅವಳು. ಜನವರಿಯಲ್ಲಿ ಒಂದು ಭಾನುವಾರ ಅಂದಳು, "ತೊಗರಿ ರಾಶಿಗಿ ಆಳು ಸಿಗ್ಲಕತ್ತಿಲ್ಲ, ನಾಕ್ ದಿನ ಬರ್ತಿ ಏನು?" ಮರುದಿನ ಸಭೆ ಇತ್ತು. ಹತ್ತು ನಿಮಿಷ ಕೂತೆ, ಎದ್ದೆ, ಬರಿಗಾಲಲ್ಲೇ ಹೊರಗೆ ಬಂದೆ. ಆಟೋದವನು ಕಾಲು ನೋಡಿ "ಎಲ್ಲಿಗ್ರಿ?" ಅಂದ. ಬಸ್‌ ಸ್ಟ್ಯಾಂಡಿಗೆ, ನಡುವೆ ಚಪ್ಪಲಿ ಅಂಗಡಿ ಮುಂದೆ ಐದು ನಿಮಿಷ ನಿಲ್ಲಿಸ್ರಿ ಅಂದೆ.